ಕಂದು ತಂತಿ

ಮೀಟರ್ 12.4 ವೋಲ್ಟ್ ತೋರಿಸುತ್ತಿತ್ತು. ಕೆಂಪು ಮೊನೆಯನ್ನು ತಂತಿಯ ತುದಿಗೂ ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್‌ಗೂ ಒತ್ತಿ ಹಿಡಿದುಕೊಂಡು, "ಕರೆಂಟ್ ಸರಿಯಾಗೇ ಬರ್ತಾ ಇದೆ ದೊಡ್ಡಪ್ಪ" ಅಂದೆ. ದೊಡ್ಡಪ್ಪ ಏನೂ ಹೇಳಲಿಲ್ಲ. ತನ್ನ ಖಾಕಿ ಚೀಲದಿಂದ ಬೈಕಿನ ಬ್ರೇಕ್ ಲೈಟಿನ ಬಲ್ಬೊಂದನ್ನು ತೆಗೆದ. ಅದರ ಬುಡಕ್ಕೆ ಎರಡು ತುಂಡು ತಂತಿಗಳನ್ನು ಬೆಸುಗೆ ಹಾಕಿದ್ದ. ಒಂದನ್ನು ಮೈನಸ್‌ಗೆ ಸಿಕ್ಕಿಸಿ ಇನ್ನೊಂದನ್ನು ನಾನು ಮೀಟರ್ ಇಟ್ಟ ಜಾಗಕ್ಕೇ ಮುಟ್ಟಿಸಿದ. ಬಲ್ಬು ಬೆಳಗಲಿಲ್ಲ. ಬೂದಿಯೊಳಗಿನ ಕೆಂಡದ ಹಾಗೆ ಅದರ ತಂತು ಒಂದಿಷ್ಟು ಕೆಂಪಗಾಯಿತು, ಅಷ್ಟೆ.

"ಮೀಟ್ರು ಏನೂ ಕೇಳಕ್ಕಿಲ್ಲ ಮಗ, ನೋಡ್ತದೆ ಅಷ್ಟೆಯ. ಬಲ್ಬು ಕೆಲ್ಸ ಕೇಳ್ತದೆ. ಕೆಲ್ಸ ಕೇಳ್ದಾಗ್ಲೇ ಗೊತ್ತಾಗದು ತಂತಿ ಒಳಗೆ ಜೀವ ಅದೋ ಇಲ್ವೋ ಅಂತ."

ಆ ತಂತಿ ನನ್ನ ಕಾರಿನ ಎಂಜಿನ್ ಕಂಪ್ಯೂಟರಿಗೆ ವಿದ್ಯುತ್ ಒಯ್ಯುವ ಮುಖ್ಯ ತಂತಿ. ಮೇಲಿನ ಬಟ್ಟೆ ಟೇಪು ಬಿಚ್ಚಿ ನೋಡಿದರೆ ಒಂದೂವರೆ ಅಂಗುಲದಷ್ಟು ಪ್ಲಾಸ್ಟಿಕ್ಕನ್ನು ಇಲಿ ತಿಂದುಹಾಕಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಮುಕ್ಕಾಲು ಪಾಲು ಕಡಿದಿದ್ದವು. ಉಳಿದವು ಕಿಲುಬು ಹಿಡಿದು ಹಸಿರಾಗಿದ್ದವು. ಮೀಟರಿಗೆ ಬೇಕಾದ ಒಂದು ಚಿಟಿಕೆ ವಿದ್ಯುತ್ತನ್ನು ಕೊಡಲು ಅವಕ್ಕೆ ಶಕ್ತಿ ಇತ್ತು, ಬಲ್ಬಿಗೆ ಬೇಕಾದ ಎರಡು ಆಂಪಿಯರ್ ಕೊಡಲು ಇರಲಿಲ್ಲ.

ಇದು ನಡೆದದ್ದು ಈ ಸಲದ ದಸರಾ ರಜೆಯಲ್ಲಿ, ಮದ್ದೂರು ತಾಲ್ಲೂಕಿನ ಶಿವಪುರದ ನಮ್ಮ ಹಳೇ ಆಲೆಮನೆಯಲ್ಲಿ. ಬೆಲ್ಲ ಬೇಯಿಸುವುದನ್ನು ಅಪ್ಪ ನಿಲ್ಲಿಸಿ ಬಹಳ ವರ್ಷಗಳಾದವು. ಕೊಪ್ಪರಿಗೆ ಹೋಯಿತು, ಗಾಣ ಹೋಯಿತು. ಒಲೆಯ ಗುಂಡಿಯನ್ನು ಮುಚ್ಚಿ ನೆಲಕ್ಕೆ ಗಾರೆ ಹಾಕಿಸಿದ್ದರಿಂದ ಈಗ ಒಂದು ಕಾರು ನಿಲ್ಲುವಷ್ಟು ಜಾಗ ಇದೆ. ಮಳೆ ಬಂದ ದಿನ ಗೋಡೆಯಿಂದ ಇವತ್ತಿಗೂ ಪಾಕದ ವಾಸನೆ ಏಳುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸತ್ಯಾಗ್ರಹ ಸೌಧ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮೀರಿ ಬಾವುಟ ಏರಿಸಿದ ಊರು ಇದು. ಧ್ವಜ ಸತ್ಯಾಗ್ರಹದ ಶಿವಪುರ ಅಂದರೆ ಕರ್ನಾಟಕದಲ್ಲಿ ಎಲ್ಲಿ ಹೋದರೂ ಗುರುತು ಹಿಡಿಯುತ್ತಾರೆ.

ಕಾರು 2005ರ ಮಾದರಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಔರಂಗಾಬಾದಿನಲ್ಲಿ ಜೋಡಿಸಿದ್ದು. 1781 ಸಿಸಿಯ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು, ಒಂದು ಟರ್ಬೊ, 150 ಅಶ್ವಶಕ್ತಿ. ಎಂಜಿನ್ನಿನಿಂದ ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರದಿಂದ ಒಳಕ್ಕೆ ಹೆಚ್ಚು ಗಾಳಿ ತುಂಬುವುದು ಟರ್ಬೊದ ಕೆಲಸ. ಅದರ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹೊತ್ತಿಸಿದ ವರ್ಷವೂ ಅದೇ. ಈ ಎರಡು ಸಂಗತಿಗಳಿಗೆ ಸಂಬಂಧ ಏನೂ ಇಲ್ಲ, ಆದರೂ ಆಲೆಮನೆಯಲ್ಲಿ ಕೂತು ಟರ್ಬೊದ ಮುಚ್ಚಳ ಒರೆಸುವಾಗ ನನಗೆ ಇವೆರಡೂ ಒಟ್ಟಿಗೆ ನೆನಪಾಗುತ್ತವೆ.

ಒಂಬತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲ ದಿನ ಮದ್ದೂರಿನ ಕಡೆಗೆ ಓಡಿಸಿಕೊಂಡು ಬಂದಾಗ ಎರಡು ಸಾವಿರ ಸುತ್ತು ದಾಟುತ್ತಲೇ ಬೆನ್ನಿಗೆ ಯಾರೋ ಕೈಕೊಟ್ಟು ನೂಕಿದಂತಾಗುತ್ತಿತ್ತಲ್ಲ, ಆ ನೂಕನ್ನು ನಾನು ಇವತ್ತಿಗೂ ಪ್ರೀತಿಸುತ್ತೇನೆ. ಹೊಸ ಕಾರುಗಳಲ್ಲಿ ಟರ್ಬೊ ಇರುವುದೇ ಗೊತ್ತಾಗದ ಹಾಗೆ ಮಾಡಿರುತ್ತಾರೆ. ಇದರಲ್ಲಿ ಗೊತ್ತಾಗುತ್ತದೆ.

ಕಳೆದ ಎರಡು ವರ್ಷದಿಂದ ಆ ನೂಕು ಹೋಗಿತ್ತು. ಬೆಳಿಗ್ಗೆ ಎರಡು ಮೂರು ಸಲ ಕೀ ತಿರುಗಿಸಬೇಕು. ಏರಿನಲ್ಲಿ ಕಾಲು ಒತ್ತಿದರೆ ಒಂದು ಕ್ಷಣ ಉಸಿರು ಹಿಡಿದು ನಿಂತು ಆಮೇಲೆ ಎಳೆಯುವುದು. ಆಗೊಮ್ಮೆ ಈಗೊಮ್ಮೆ ಸಿಗ್ನಲ್ಲಿನಲ್ಲಿ ಸುಮ್ಮನೆ ಆರಿಹೋಗುವುದು. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 0.9 ಬಂತು, ಆ ಕಾಲದ ಕಾರಿಗೆ ಇರುವ ಮಿತಿ 0.5. ನನ್ನ ಅನುಮಾನ ಹೋದದ್ದು ಪೆಟ್ರೋಲಿನ ಮೇಲೆ. ಅದಕ್ಕೆ ಕಾರಣವೂ ಇತ್ತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥೆನಾಲ್. ಆಮೇಲೆ ಒಂದೊಂದಾಗಿ ನಮ್ಮ ಕಡೆಯ ಬಂಕುಗಳಿಗೂ ಅದೇ ಬಂತು.

ಎಥೆನಾಲ್ ಎಂಬುದು ನನಗೆ ಪರಕೀಯ ವಸ್ತುವಲ್ಲ. ಅದು ನಮ್ಮ ಗದ್ದೆಯಲ್ಲೇ ಹುಟ್ಟುತ್ತದೆ. 1933ರಲ್ಲಿ ಮಂಡ್ಯದಲ್ಲಿ ಮೈಶುಗರ್ ಶುರುವಾದಾಗಿನಿಂದ ಈ ಸೀಮೆಯ ಜೀವನ ಕಬ್ಬಿನ ಸುತ್ತಲೇ. ನಮ್ಮ ತಾಲ್ಲೂಕಿನಲ್ಲೇ ಕೆ.ಎಂ. ದೊಡ್ಡಿಯಲ್ಲೊಂದು, ಕೊಪ್ಪದಲ್ಲೊಂದು ಸಕ್ಕರೆ ಕಾರ್ಖಾನೆ ಇದೆ. ಅಪ್ಪ ಕಡಿಸಿ ಲಾರಿಗೆ ತುಂಬಿಸಿದ ಕಬ್ಬಿನ ಪಾಲು ಎಲ್ಲೋ ಕಾಕಂಬಿಯಾಗಿ, ಮದ್ಯಸಾರವಾಗಿ, ಪೆಟ್ರೋಲಿಗೆ ಬೆರೆತು ನನ್ನ ಟ್ಯಾಂಕಿಗೇ ಬರುತ್ತಿರಬಹುದು ಎಂದು ಯೋಚಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದ್ದರಿಂದ ಇ20 ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಕಾರಿಗೆ ಅದನ್ನು ಕಲಿಸಬೇಕು ಎನ್ನುವವನು ನಾನು.

ಕಲಿಸುವುದು ಅಂದರೆ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಸಾಕು, ಅದರೊಳಗೇ ಆಮ್ಲಜನಕ ಇದೆ. ಇಪ್ಪತ್ತರ ಬೆರಕೆಗೆ ಇದು ಸುಮಾರು 13.5 ಆಗುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವಾಗ ಇಂಧನವನ್ನು ಗಾತ್ರದಲ್ಲಿ ನೂರಕ್ಕೆ ಸುಮಾರು ಎಂಟು ಪಾಲಿನಷ್ಟು ಹೆಚ್ಚು ಚಿಮ್ಮಿಸಬೇಕು. ಹೊಗೆಕೊಳವೆಯಲ್ಲಿ ಕೂತಿರುವ ಆಮ್ಲಜನಕದ ಸೆನ್ಸರ್ ಈ ವ್ಯತ್ಯಾಸವನ್ನು ಕಂಡುಹಿಡಿದು ಕಂಪ್ಯೂಟರಿಗೆ ಹೇಳುತ್ತದೆ. ಆಲೆಮನೆಯಲ್ಲಿ ಒಲೆ ಮುಂದೆ ಕೂತವನು ಹೊಗೆಯ ಬಣ್ಣ ನೋಡಿಕೊಂಡು ಕಬ್ಬಿನ ಸಿಪ್ಪೆ ಹೆಚ್ಚು ಕಡಿಮೆ ಮಾಡುತ್ತಿದ್ದನಲ್ಲ, ಅದೇ ಕೆಲಸ. ಆದರೆ ಟರ್ಬೊ ಪೂರ್ತಿ ಊದುತ್ತಿರುವಾಗಲೂ ತಣ್ಣಗಿನ ಎಂಜಿನ್ ಶುರು ಮಾಡುವಾಗಲೂ ಕಂಪ್ಯೂಟರ್ ಹೊಗೆ ನೋಡಿ ತಿದ್ದಿಕೊಳ್ಳುತ್ತ ಕೂರುವುದಿಲ್ಲ. ತನ್ನಲ್ಲಿ ಬರೆದಿಟ್ಟ ಅಂಕಿಗಳನ್ನೂ ಅಲ್ಲಿಯವರೆಗೆ ಕಲಿತದ್ದನ್ನೂ ನಂಬಿ ನಡೆಯುತ್ತದೆ. ಆ ಅಂಕಿಗಳು ಇ20 ಇಲ್ಲದ ಕಾಲದಲ್ಲಿ ಬರೆದವು.

ನಮ್ಮ ಮನೆಯಲ್ಲಿ ಇದಕ್ಕಿಂತ ಹಳೆಯ ಕಂಪ್ಯೂಟರೊಂದು ಇದೆ, ಅಪ್ಪನ ಟ್ರ್ಯಾಕ್ಟರಿನ ಡೀಸೆಲ್ ಪಂಪು. ಅದರ ಮೈಮೇಲೆ ಮೈಕೋ ಎಂಬ ಹೆಸರು ಎದ್ದು ಕಾಣುತ್ತದೆ. 1951ರಲ್ಲಿ ಹುಟ್ಟಿದ ಕಂಪನಿ ಅದು, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಇತ್ತು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ಆ ಪಂಪಿನೊಳಗೆ ಎರಡು ತೂಕದ ಗುಂಡುಗಳಿವೆ, ಸ್ಪ್ರಿಂಗುಗಳಿವೆ. ಎಂಜಿನ್ ಜೋರಾಗಿ ತಿರುಗಿದರೆ ಗುಂಡುಗಳು ಹೊರಕ್ಕೆ ಹಾರಿ ಡೀಸೆಲ್ ಕಡಿಮೆ ಮಾಡುತ್ತವೆ. ನೇಗಿಲು ಮಣ್ಣಿಗೆ ಸಿಕ್ಕಿ ವೇಗ ಇಳಿದರೆ ಸ್ಪ್ರಿಂಗು ಒಳಕ್ಕೆ ಎಳೆದು ಹೆಚ್ಚು ಮಾಡುತ್ತದೆ. ತಂತಿಯೇ ಇಲ್ಲ. ಅಳೆಯುವುದು, ಯೋಚಿಸುವುದು, ಮಾಡುವುದು ಮೂರೂ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ. ನನ್ನ ಕಾರಿನ ಕಂಪ್ಯೂಟರಿನ ಮೇಲೂ ಬಾಷ್ ಹೆಸರೇ ಇದೆ. ಎಂಇ7.5 ಎಂಬ ಸರಣಿ. ಅದರೊಳಗೆ ಒಂದು ಮೆಗಾಬೈಟಿನ ಮೆಮೊರಿ. ಈಗ ಫೋನಿನಲ್ಲಿ ತೆಗೆದ ಒಂದು ಫೋಟೊ ಅದರಲ್ಲಿ ಹಿಡಿಯುವುದಿಲ್ಲ. ಗಾಳಿ ಎಷ್ಟು, ಕಿಡಿ ಯಾವಾಗ, ಪೆಟ್ರೋಲ್ ಎಷ್ಟು ಮಿಲಿಸೆಕೆಂಡ್, ಟರ್ಬೊದ ಒತ್ತಡ ಎಷ್ಟು, ಎಲ್ಲ ಲೆಕ್ಕವೂ ಆ ಒಂದು ಮೆಗಾಬೈಟಿನಲ್ಲೇ. ಆದರೆ ಟ್ರ್ಯಾಕ್ಟರಿನ ಪಂಪಿನ ಹಾಗೆ ಅದು ತಾನೇ ಏನನ್ನೂ ಮುಟ್ಟಿ ನೋಡಲಾರದು. ಅದಕ್ಕೆ ಗೊತ್ತಿರುವುದೆಲ್ಲ 121 ಪಿನ್ನುಗಳ ಮೂಲಕ ತಂತಿ ತಂದು ಹೇಳಿದ ಸುದ್ದಿ.

ಬೆಂಗಳೂರಿನಲ್ಲಿ ನನ್ನ ಕೆಲಸವೇ ಇಂಥ ಕಂಪ್ಯೂಟರುಗಳ ಅಂಕಿ ತಿದ್ದುವುದು. ಹಾಗಾಗಿ ಮೊದಲು ಕೈಹಾಕಿದ್ದು ಅಲ್ಲಿಗೇ. ಶಿವಾಜಿನಗರದ ಗುಜರಿಯಲ್ಲಿ ಅದೇ ಸರಣಿಯ ಇನ್ನೊಂದು ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಸಿಕ್ಕಿತು. ಮೂಲದ್ದನ್ನು ಹಾಗೇ ಕಾಪಾಡಿಕೊಂಡು ಇದರಲ್ಲಿ ಹೊಸ ಅಂಕಿ ಬರೆಯಬೇಕೆಂದು ಯೋಜನೆ. ಎಂಇ7ರಲ್ಲಿ ಕೆಆರ್‌ಕೆಟಿಇ ಎಂಬ ಒಂದು ಸ್ಥಿರಾಂಕ ಇದೆ. ಇಷ್ಟು ಇಂಧನ ಬೇಕು ಅಂದರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವ ಅಂಕಿ ಅದು. ಅದನ್ನು ನೂರಕ್ಕೆ ಎಂಟರಷ್ಟು ಏರಿಸಿದರೆ ಇ20ರ ಅರ್ಧ ಪಾಠ ಮುಗಿಯುತ್ತದೆ. ಚಳಿಯಲ್ಲಿ ಶುರುವಾಗುವ ಕೋಷ್ಟಕವನ್ನು ತಿದ್ದಿದರೆ ಉಳಿದರ್ಧ, ಯಾಕೆಂದರೆ ಎಥೆನಾಲ್ ತಣ್ಣಗಿರುವಾಗ ಬೇಗ ಆವಿಯಾಗುವುದಿಲ್ಲ.

ಟರ್ಬೊದ ಒತ್ತಡ ಏರಿಸಿ ನಲವತ್ತು ಕುದುರೆ ಹೆಚ್ಚು ಮಾಡಬಹುದಿತ್ತು. ಈ ಎಂಜಿನ್ನಿಗೆ ಜಗತ್ತಿನ ತುಂಬ ಹಾಗೆ ಮಾಡುತ್ತಾರೆ. ನಾನು ಆ ಕೋಷ್ಟಕವನ್ನು ತೆರೆಯಲೇ ಇಲ್ಲ. ನೋಂದಣಿಯಲ್ಲಿ ಬರೆದ ಕಾರು ಒಂದು, ರಸ್ತೆಯಲ್ಲಿ ಓಡುವ ಕಾರು ಇನ್ನೊಂದು ಆಗಬಾರದು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಗೊತ್ತಿದೆ. ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರುಗಳು ಎಲ್ಲವೂ ಇದ್ದಲ್ಲೇ ಇದ್ದವು. ಹೊಗೆ ಕಡಿಮೆ ಆಗಬೇಕು, ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಎದ್ದೇಳಬೇಕು. ನನಗೆ ಬೇಕಾದದ್ದು ಅಷ್ಟೆ.

ಹೊಸ ಇಸಿಯು ಕೂರಿಸಲು ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಈ ಕಾರಿನಲ್ಲಿ ಕಂಪ್ಯೂಟರ್ ಇರುವುದು ಅಲ್ಲೇ, ಮುಂಗಾಜಿನ ಬುಡದ ತೊಟ್ಟಿಯಲ್ಲಿ. ಮಳೆನೀರು ಇಳಿದುಹೋಗಲು ಅಲ್ಲಿ ತೂತುಗಳಿವೆ. ಬೆಂಗಳೂರಿನಲ್ಲಿ ನಾನು ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಹೊಂಗೆಯ ಹೂವು, ಎಲೆ, ಊರಿನ ತೆಂಗಿನ ಹೊಂಬಾಳೆಯ ಪುಡಿ ಎಲ್ಲ ಸೇರಿ ಆ ತೂತುಗಳಲ್ಲಿ ಗೊಬ್ಬರವಾಗಿ ಕೂತಿದ್ದವು. ಎರಡು ಬೆರಳಷ್ಟು ನೀರು ನಿಂತಿತ್ತು. ಕಂಪ್ಯೂಟರಿನ ಪೆಟ್ಟಿಗೆ ಸ್ವಲ್ಪ ಎತ್ತರದಲ್ಲಿದ್ದದ್ದರಿಂದ ಉಳಿದಿತ್ತು. ಅದಕ್ಕೆ ಹೋಗುವ ತಂತಿಯ ಕಟ್ಟು ನೀರಿನಲ್ಲೇ ಇತ್ತು.

ಅಲ್ಲಿಂದ ದೊಡ್ಡಪ್ಪನ ಕಾಲ ಶುರುವಾಯಿತು. ದೊಡ್ಡಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವನು, ಮಳವಳ್ಳಿ ಕಡೆಯ ಕಂಬಗಳನ್ನೆಲ್ಲ ಹತ್ತಿ ಇಳಿದವನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದರಲ್ಲ, ಆ ಲೈನಿನ ಕಥೆಯನ್ನು ಬೇರೆಯವರು ರಾಮಾಯಣ ಹೇಳುವ ಹಾಗೆ ಹೇಳುತ್ತಾನೆ. ವಿದ್ಯುತ್ ಹುಟ್ಟಿಸುವುದು ನೀರಿಗೆ ಸುಲಭ, ಅಷ್ಟು ದೂರ ಸೋರದೆ ಒಯ್ಯುವುದೇ ಕಷ್ಟ ಎಂಬುದು ಅವನ ನಂಬಿಕೆ. ಕಾರಿನ ವೈರಿಂಗನ್ನು ಅವನು ಯಾವತ್ತೂ ಮುಟ್ಟಿದವನಲ್ಲ. ನಾನು ಕಟ್ಟು ಬಿಚ್ಚಿ ಹಲಗೆಯ ಮೇಲೆ ಹರಡಿದಾಗ ಪಕ್ಕದಲ್ಲಿ ಬಂದು ಕೂತ. ಗುಂಪಾಗಿ ಹೋಗಿ ಒಂದೇ ಬೋಲ್ಟಿಗೆ ಸೇರಿದ ಕಂದು ತಂತಿಗಳನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ.

"ಇಷ್ಟೊಂದ್ ಫೇಸು ಬಾಡಿಗೆ ಕೊಟ್ಟವ್ರಲ್ಲ ಮಗ!"

ಅವನು ಬೆದರಿದ್ದು ಸರಿಯೇ. ಮಿಕ್ಸಿಯ, ಇಸ್ತ್ರಿಪೆಟ್ಟಿಗೆಯ ಮೂರೆಳೆ ವೈರಿನಲ್ಲಿ ಕಂದು ಅಂದರೆ ಫೇಸು, ಮುಟ್ಟಿದರೆ ಹೊಡೆಯುವ ತಂತಿ. ಜರ್ಮನ್ ಪದ್ಧತಿಯ ಕಾರಿನಲ್ಲಿ ಕಂದು ಅಂದರೆ ಅರ್ತು. ಕೆಂಪು ಯಾವಾಗಲೂ ಬ್ಯಾಟರಿಯದ್ದು, ಅದರ ಸಂಖ್ಯೆ 30. ಕಪ್ಪು ಕೀ ತಿರುಗಿಸಿದ ಮೇಲೆ ಬರುವುದು, 15. ಕಂದು 31. ಇದನ್ನು ಹೇಳಿದ ಮೇಲೆ ದೊಡ್ಡಪ್ಪ ಒಂದು ಬೀಡಿ ಮುಗಿಯುವಷ್ಟು ಹೊತ್ತು ಆ ಬೋಲ್ಟನ್ನೇ ನೋಡುತ್ತ ಕೂತ. ಬ್ಯಾಟರಿಯ ಕೆಳಗೆ, ಕಾರಿನ ಮೈಗೆ ಬಿಗಿದ ಬೋಲ್ಟು. ಅದರ ಸುತ್ತ ಬಿಳಿ ಪುಡಿ. "ಅರ್ತು ಸರೀಗಿಲ್ದೆ ಎಂಥ ಮೋಟ್ರೂ ಅಷ್ಟೇಯ. ಮೊದ್ಲು ಇದ್ನ ನೋಡು" ಅಂದ.

ನಮ್ಮೂರಿನಲ್ಲಿ ಇದು ಎಲ್ಲರಿಗೂ ತಿಳಿದ ಮಾತು. ಬೇಸಿಗೆಯಲ್ಲಿ ಪಂಪ್‌ಸೆಟ್ಟಿನ ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನತೊಡಗಿತೆಂದರೆ ಹೆಂಗಸರೂ ಮಕ್ಕಳೂ ಅರ್ತಿನ ಗುಂಡಿಗೆ ಉಪ್ಪು ಹಾಕಿ ಒಂದು ಬಿಂದಿಗೆ ನೀರು ಹುಯ್ಯುತ್ತಾರೆ. ಇದನ್ನು ನೋಡುತ್ತಲೇ ಬೆಳೆದವನು ನಾನು. ಕಾರಿನ ವಿಷಯದಲ್ಲಿ ಅದು ನೆನಪಿಗೆ ಬರಲಿಲ್ಲ.

ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕೆ. ಎರಡೂ ಒಂದೇ ಅರ್ತು, ನಡುವೆ ವೋಲ್ಟು ಇರಬಾರದು. ಸುಮ್ಮನಿದ್ದಾಗ ಇರಲಿಲ್ಲ. ನನ್ನ ತಮ್ಮ ಕಾರಿನೊಳಗೆ ಕೂತು ಸೆಲ್ಫ್ ಹೊಡೆದ. ಮೀಟರ್ 0.8ಕ್ಕೆ ಹಾರಿತು. 0.2 ದಾಟಬಾರದು. ಸೆನ್ಸರುಗಳು ಐದು ವೋಲ್ಟಿನೊಳಗೆ ತಮ್ಮ ಸುದ್ದಿ ಹೇಳುವಂಥವು. ಕಂಪ್ಯೂಟರ್ ನಿಂತ ನೆಲವೇ ಹೀಗೆ ಅಲ್ಲಾಡಿದರೆ ಅದು ಅಳೆದದ್ದಕ್ಕೆ ಏನು ಬೆಲೆ?

ಇದಕ್ಕಿಂತ ದೊಡ್ಡದು ಮಾರನೆಯ ದಿನ ಸಿಕ್ಕಿತು. ಎಂಜಿನ್ನಿನ ನೀರಿನ ಬಿಸಿ ಅಳೆಯುವ ಸೆನ್ಸರಿನದು. ಅದು ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ. 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್, 80ರಲ್ಲಿ ಮುನ್ನೂರರ ಆಸುಪಾಸು. ಸೆನ್ಸರನ್ನು ಕಳಚಿ, ಅಮ್ಮ ಕಾಯಿಸಿಕೊಟ್ಟ ಚೆಂಬಿನ ನೀರಿನಲ್ಲಿ ಮುಳುಗಿಸಿ, ಥರ್ಮಾಮೀಟರ್ ಪಕ್ಕದಲ್ಲಿಟ್ಟು ಅಳೆದೆ. ಸೆನ್ಸರ್ ಸರಿಯಾಗಿತ್ತು. ಅದರ ತಂತಿಯನ್ನು ಈ ತುದಿಯಿಂದ ಕಂಪ್ಯೂಟರಿನ ತುದಿಯವರೆಗೆ ಅಳೆದರೆ ಐನೂರು ಓಮ್ ಬಂತು. ಅರ್ಧ ಓಮ್ ಕೂಡ ಇರಬಾರದ ಜಾಗ ಅದು. ನೀರಿನಲ್ಲಿ ನೆನೆದ ಜೋಡಣೆಯೊಳಗೆ ಪಿನ್ನು ಹಸಿರು ಪುಡಿಯಾಗಿತ್ತು. ಮುನ್ನೂರಕ್ಕೆ ಐನೂರು ಸೇರಿದರೆ ಎಂಟುನೂರು, ಸೆನ್ಸರಿನ ಭಾಷೆಯಲ್ಲಿ 50 ಡಿಗ್ರಿ. ಎಂಜಿನ್ ಪೂರ್ತಿ ಕಾದಿದ್ದರೂ ಕಂಪ್ಯೂಟರಿಗೆ ಅದು ಇನ್ನೂ ಬೆಚ್ಚಗಾಗುತ್ತಿರುವ ಎಂಜಿನ್. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ 90ರಲ್ಲಿ ಸರಿಯಾಗಿ ನಿಂತಿರುತ್ತಿತ್ತು, ಯಾಕೆಂದರೆ ಒಂದೇ ಸೆನ್ಸರಿನ ಹೊಟ್ಟೆಯಲ್ಲಿ ಎರಡು ಜೀವಗಳಿವೆ. ಮುಳ್ಳಿಗೆ ಒಂದು, ಕಂಪ್ಯೂಟರಿಗೆ ಒಂದು, ಬೇರೆ ಬೇರೆ ತಂತಿ. ನಾನು ಮುಳ್ಳನ್ನು ನೋಡಿಕೊಂಡು ಓಡಾಡಿದೆ.

ಎಂಜಿನ್ ತಣ್ಣಗಿದೆ ಎಂದು ನಂಬಿದ ಕಂಪ್ಯೂಟರ್ ಏನು ಮಾಡುತ್ತದೆ? ಪೆಟ್ರೋಲ್ ಹೆಚ್ಚು ಕೊಡುತ್ತದೆ. ಇತ್ತ ಇ20ಗೆ ಕಂಪ್ಯೂಟರ್ ಕೊಡುವ ಪೆಟ್ರೋಲ್ ಸಾಲದು. ಒಂದು ತಪ್ಪು ಹೆಚ್ಚು ಕೊಡುತ್ತದೆ, ಇನ್ನೊಂದಕ್ಕೆ ಹೆಚ್ಚು ಬೇಕು. ಎರಡೂ ಒಂದನ್ನೊಂದು ಮುಚ್ಚಿಕೊಂಡು, ಸಮತಟ್ಟು ರಸ್ತೆಯ ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿ ಎಂಬಂತೆ ಕಾಣುತ್ತಿತ್ತು. ನಿಜವಾದ ನಷ್ಟ ಬೇರೆಯೇ. ಎಂಜಿನ್ ಪೂರ್ತಿ ಬಿಸಿಯಾಗಿದೆ ಎಂದು ತಿಳಿದ ಮೇಲೆ ಮಾತ್ರ ಕಂಪ್ಯೂಟರ್ ತನ್ನ ತಿದ್ದುಪಡಿಗಳನ್ನು ನೆನಪಿನಲ್ಲಿ ಬರೆದುಕೊಳ್ಳುತ್ತದೆ. ಎರಡು ವರ್ಷ ಅದಕ್ಕೆ ಆ ಸುದ್ದಿಯೇ ಬರಲಿಲ್ಲ. ಹೊಸ ಪೆಟ್ರೋಲನ್ನು ಕಲಿಯಲು ಅದಕ್ಕೆ ಬರುವುದಿಲ್ಲ ಎಂದುಕೊಂಡು ನಾನು ಇನ್ನೊಂದು ಕಂಪ್ಯೂಟರ್ ಹುಡುಕಿಕೊಂಡು ಹೋದೆ. ಕಲಿಯಲು ಅದಕ್ಕೆ ಬರುತ್ತಿತ್ತು. ಕಲಿಯಬಹುದು ಎಂದು ಹೇಳಬೇಕಾದ ತಂತಿ ಹೇಳಿರಲಿಲ್ಲ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಬೆಂಗಳೂರು ಬಸ್ಸು ಹತ್ತಿದೆ. ಎಸ್‌ಪಿ ರಸ್ತೆಯಲ್ಲಿ ತಂತಿ: ಸೆನ್ಸರುಗಳಿಗೆ ಅರ್ಧ ಚದರ ಮಿಲಿಮೀಟರಿನದು, ವಿದ್ಯುತ್ತಿಗೆ ಎರಡೂವರೆಯದು, ಬಿಸಿ ತಡೆಯುವ ಹೊದಿಕೆಯದು. ಜೆಸಿ ರಸ್ತೆಯಲ್ಲಿ ಪಿನ್ನು, ರಬ್ಬರ್ ಸೀಲು, ಬಟ್ಟೆ ಟೇಪು. ಕಂದು ಬಣ್ಣದ್ದು ಮೂರು ಅಂಗಡಿ ತಿರುಗಿದ ಮೇಲೆ ಸಿಕ್ಕಿತು. ಕಪ್ಪು ಹಾಕಿದರೂ ಕಾರು ಓಡುತ್ತದೆ, ಅಂಗಡಿಯವರು ಹಾಗೇ ಹೇಳಿದರು. ಹತ್ತು ವರ್ಷದ ನಂತರ ಯಾರೋ ಹುಡುಗ ಇದನ್ನು ಬಿಚ್ಚಿದಾಗ ಕಪ್ಪನ್ನು 15 ಎಂದುಕೊಂಡು ಕೈಹಾಕಬಾರದಲ್ಲ.

ಆರು ದಿನ ಆಲೆಮನೆಯೇ ಮನೆಯಾಯಿತು. ಹಳೆಯ ಕಟ್ಟನ್ನು ಹಲಗೆಯ ಮೇಲೆ ಮೊಳೆ ಹೊಡೆದು ಅದೇ ಆಕಾರದಲ್ಲಿ ಹರಡಿದೆವು. ಅದರ ಪಕ್ಕದಲ್ಲೇ ಹೊಸದನ್ನು ಎಳೆ ಎಳೆಯಾಗಿ ಇಟ್ಟೆವು. ಮೊದಲ ಮಾಲೀಕರ ಕಾಲದಲ್ಲಿ ಯಾವುದೋ ಅಂಗಡಿಯಲ್ಲಿ ಮಂಜಿನ ದೀಪಕ್ಕೆ, ಹಾರ್ನಿಗೆ, ಸ್ಪೀಕರಿಗೆ ಎಂದು ಹನ್ನೊಂದು ಕಡೆ ತಂತಿಗೆ ನೀಲಿ ಕ್ಲಿಪ್ಪು ಕಚ್ಚಿಸಿದ್ದರು. ಆ ಕ್ಲಿಪ್ಪು ಮುಚ್ಚುವಾಗ ಒಳಗಿನ ತಗಡು ಪ್ಲಾಸ್ಟಿಕ್ ಕೊಯ್ದು ತಾಮ್ರ ಮುಟ್ಟುತ್ತದೆ. ಕೊಯ್ದ ಗಾಯಕ್ಕೆ ಮುಚ್ಚಳವಿಲ್ಲ. ಹನ್ನೊಂದರಲ್ಲಿ ಏಳು ಒಳಗೆ ಹಸಿರಾಗಿದ್ದವು.

ದೊಡ್ಡಪ್ಪನಿಗೂ ನನಗೂ ಒಂದು ವಿಷಯದಲ್ಲಿ ಎರಡು ದಿನ ವಾದ ನಡೆಯಿತು. ಅವನದು ಬೆಸುಗೆಯ ಪಕ್ಷ. ಎಳೆ ಬಿಚ್ಚಿ, ಹೆಣೆದು, ಸೀಸ ಕುಡಿಸಿ, ಟೇಪು ಸುತ್ತಿದರೆ ನೂರು ವರ್ಷ ಎನ್ನುತ್ತಾನೆ. ಗೋಡೆಯೊಳಗಿನ ತಂತಿಗೆ ಅದು ನಿಜ. ಕಾರು ನಡುಗುತ್ತದೆ. ಸೀಸ ಎಳೆಗಳೊಳಗೆ ಹರಿದು ನಿಂತ ಗೆರೆಯಲ್ಲಿ ತಂತಿ ಕಡ್ಡಿಯಾಗಿಬಿಡುತ್ತದೆ, ನಡುಗಿ ನಡುಗಿ ಅಲ್ಲೇ ಮುರಿಯುತ್ತದೆ. ಒತ್ತಿ ಕೂರಿಸುವ ಪಿನ್ನಿಗೆ ಆ ತೊಂದರೆ ಇಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ. ಎರಡು ತುಂಡು ಮಾಡಿ, ಒಂದಕ್ಕೆ ಬೆಸುಗೆ, ಒಂದಕ್ಕೆ ಒತ್ತಿದ ಪಿನ್ನು ಹಾಕಿ, ಎರಡನ್ನೂ ಅವನ ಕೈಗೆ ಕೊಟ್ಟೆ. ಕೂತಲ್ಲೇ ಬಗ್ಗಿಸುತ್ತ ಎಣಿಸಿದ. ಬೆಸುಗೆಯದು ನಲವತ್ತಕ್ಕೆ ಕಡಿಯಿತು. ಪಿನ್ನಿನದು ಇನ್ನೂರು ದಾಟಿದ ಮೇಲೆ ಬಿಟ್ಟ. ಆಮೇಲೆ ಒತ್ತುವ ಇಕ್ಕಳ ಅವನ ಕೈಯಲ್ಲೇ ಇತ್ತು. ನನಗಿಂತ ಚೆನ್ನಾಗಿ ಒತ್ತುತ್ತಾನೆ: ತಾಮ್ರಕ್ಕೆ ಒಂದು ಒತ್ತು, ಹೊದಿಕೆಗೆ ಒಂದು ಒತ್ತು, ಆಮೇಲೆ ಎಳೆದು ನೋಡುವುದು. ಪ್ರತಿಯೊಂದನ್ನೂ ಎಳೆದು ನೋಡಿದ.

ಎಂಜಿನ್ನಿನ ತಿರುಗಣಿಯ ಸೆನ್ಸರಿನ ತಂತಿಯನ್ನು ಮಾತ್ರ ನಾನೇ ಮಾಡಿದೆ. ತಿರುಗಣಿಗೆ ಒಂದು ಹಲ್ಲಿನ ಚಕ್ರ ಇರುತ್ತದೆ. ಅರವತ್ತು ಹಲ್ಲಿರಬೇಕಾದ ಜಾಗದಲ್ಲಿ ಎರಡನ್ನು ಬಿಟ್ಟು ಐವತ್ತೆಂಟು. ಆ ಎರಡು ಹಲ್ಲಿನ ಖಾಲಿ ಜಾಗ ಸೆನ್ಸರಿನ ಮುಂದೆ ಹಾದಾಗಲೆಲ್ಲ ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕಿಡಿ, ಪೆಟ್ರೋಲು ಎಲ್ಲವನ್ನೂ ಅಲ್ಲಿಂದ ಎಣಿಸುತ್ತದೆ. ಸ್ಟಾರ್ಟರಿನ, ಕಾಯಿಲ್‌ಗಳ ಗದ್ದಲ ಆ ತಂತಿಗೆ ತಾಗಬಾರದು. ಅದಕ್ಕೆ ಎರಡೆಳೆಯನ್ನು ಒಂದರ ಸುತ್ತ ಒಂದು ಹೊಸೆದು, ಮೇಲೆ ತಾಮ್ರದ ಬಲೆ ಹೊದಿಸಿ, ಬಲೆಯ ಒಂದು ತುದಿಗೆ ಮಾತ್ರ ಅರ್ತು ಕೊಡಬೇಕು. ಎರಡೂ ತುದಿಗೆ ಕೊಟ್ಟರೆ ಬಲೆಯಲ್ಲೇ ಕರೆಂಟು ಹರಿಯತೊಡಗುತ್ತದೆ. ಹಗ್ಗ ಹೊಸೆಯುವ ಹಾಗೆ ತೊಡೆಯ ಮೇಲೆ ಇಟ್ಟು ಹೊಸೆದೆ. ಅಜ್ಜ ಕತ್ತಾಳೆ ನಾರು ಹೊಸೆಯುತ್ತಿದ್ದದ್ದು ಹೀಗೆಯೇ.

ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿದೆವು. ಬರೆದದ್ದು ದೊಡ್ಡಪ್ಪ, ಕೆಇಬಿಯ ಮೀಟರ್ ಪುಸ್ತಕದ ಅಕ್ಷರದಲ್ಲಿ. ನೀರಿನ ಬಿಸಿ. ಗಾಳಿ ಅಳತೆ. ಬಡಿತ 1, ಬಡಿತ 2. ಕಾಲೊತ್ತು. ಟರ್ಬೊ ಬೀಗ. ಅರ್ತು 1ರಿಂದ ಅರ್ತು 6. ಇವಕ್ಕೆಲ್ಲ ಕಚೇರಿಯಲ್ಲಿ ನಾನು ಉದ್ದುದ್ದ ಇಂಗ್ಲಿಷ್ ಹೆಸರು ಬಳಸುತ್ತೇನೆ. ಈಗ ಅಲ್ಲಿ ಕೂತಾಗಲೂ ಮನಸ್ಸಿಗೆ ಮೊದಲು ಬರುವುದು ಈ ಚೀಟಿಗಳು.

ಅರ್ತಿನ ಬೋಲ್ಟು ಬಿಚ್ಚಿ, ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದೆವು. ಎಂಜಿನ್ನಿನಿಂದ ಮೈಗೆ ಹೊಸ ಜಡೆತಂತಿ ಹಾಕಿದೆವು. ಇಲಿ ಬರುವ ದಾರಿಗೆ ಉಕ್ಕಿನ ಜಾಲರಿ. ಕಬ್ಬು ಕಡಿದ ಮೇಲೆ ಗದ್ದೆಯ ಇಲಿಯೆಲ್ಲ ಊರೊಳಗೆ ನುಗ್ಗುವುದು ಪ್ರತಿ ವರ್ಷದ ಕಥೆ.

ಹೊಸ ಇಸಿಯುವನ್ನು ಆಗಲೇ ಹಾಕಲಿಲ್ಲ. ಹಳೆಯದನ್ನೇ ಹೊಸ ತಂತಿಗೆ ಸಿಕ್ಕಿಸಿದೆ. ಅದಕ್ಕೆ ಒಂದು ಅವಕಾಶ ಕೊಡಬೇಕು ಅನ್ನಿಸಿತು. ವಿಜಯದಶಮಿಯ ಮಾರನೆಯ ಬೆಳಿಗ್ಗೆ ತಮ್ಮ ಕೀ ತಿರುಗಿಸಿದ, ಅರ್ಧ ಸುತ್ತಿಗೇ ಹತ್ತಿಕೊಂಡಿತು. ಅರ್ತಿನ ಮೀಟರ್ 0.1. ಲ್ಯಾಪ್‌ಟಾಪಿನಲ್ಲಿ ನೀರಿನ ಬಿಸಿ 24ರಿಂದ ಮೇಲೇರತೊಡಗಿ 88ಕ್ಕೆ ಬಂದು ನಿಂತಿತು. ಹಳೇ ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯದವರೆಗೆ ಹೋಗಿ ಬಂದೆ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಈ ರಸ್ತೆಯಲ್ಲಿ ಲಾರಿಗಳ ಕಾಟ ಕಡಿಮೆ, ಒಂದೇ ವೇಗದಲ್ಲಿ ಓಡಿಸಿಕೊಂಡು ಹೋಗಬಹುದು. ವಾಪಸು ಬಂದು ನೋಡಿದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿ ಬರೆದುಕೊಂಡ ತಿದ್ದುಪಡಿ: ನೂರಕ್ಕೆ 7.8 ಹೆಚ್ಚು. ಕಾಗದದ ಮೇಲೆ ನಾನು ಎಂಟು ಎಂದು ಬರೆದಿದ್ದೆ. ಇಪ್ಪತ್ತು ವರ್ಷದ ಹಳೆಯ ಯಂತ್ರ, ಅದಕ್ಕೆ ಯಾರೂ ಹೇಳಿಕೊಡದ ಇಂಧನ, ಒಂದೇ ಬೆಳಿಗ್ಗೆಯಲ್ಲಿ ಕಲಿತಿತ್ತು. ನಾನು ಕಾರಿನಿಂದ ಇಳಿಯದೆ ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತ ಕೂತೆ.

ಆಮೇಲೆ ಹೊಸದನ್ನು ಹಾಕಿದೆ. ಅದರ ಅಗತ್ಯ ಇದ್ದೇ ಇತ್ತು. ಚಳಿಯ ಬೆಳಗಿನ ಕೋಷ್ಟಕ ಕಲಿಕೆಯಿಂದ ಬರುವುದಿಲ್ಲ, ಬರೆದೇ ಕೊಡಬೇಕು. ಹೊಸ ಕಂಪ್ಯೂಟರಿನಲ್ಲಿ ತಿದ್ದುಪಡಿ ನೂರಕ್ಕೆ ಒಂದರ ಆಚೀಚೆ ನಿಂತಿದೆ. ಹೊಗೆ ತಪಾಸಣೆಯಲ್ಲಿ 0.1 ಬಂತು. ನೂಕು ಮರಳಿ ಬಂದಿದೆ. ಊರಿನ ಹುಡುಗರು ಬಂದು, "ಎಷ್ಟು ಪವರ್ ಜಾಸ್ತಿ ಆಯ್ತಣ್ಣ?" ಎಂದು ಕೇಳಿದರು. ಜಾಸ್ತಿ ಆಗಿಲ್ಲ, ಇದ್ದದ್ದು ಬಂದಿದೆ ಅಂದೆ. ಒಬ್ಬ ಹುಡುಗ ಮಾತ್ರ ಹೋಗದೆ ನಿಂತು ದೊಡ್ಡಪ್ಪನ ಚೀಟಿಗಳನ್ನು ಒಂದೊಂದಾಗಿ ಓದಿದ. ಐಟಿಐ ಮೊದಲ ವರ್ಷವಂತೆ. ಅವನಿಗೆ ಬಲ್ಬಿನ ಪರೀಕ್ಷೆ ತೋರಿಸಿದೆ.

ಸಂಜೆ ದೊಡ್ಡಪ್ಪನನ್ನು ಕೂರಿಸಿಕೊಂಡು ಶಿಂಷಾ ಸೇತುವೆಯವರೆಗೆ ಹೋದೆ. ನದಿಯಲ್ಲಿ ನೀರಿತ್ತು. ಎರಡು ಸಾವಿರ ಸುತ್ತು ದಾಟಿದಾಗ ಅವನು ಸೀಟಿಗೆ ಒರಗಿಕೊಂಡ, ಏನೂ ಹೇಳಲಿಲ್ಲ. ಸೇತುವೆಯ ಮೇಲೆ ಎಂಜಿನ್ ಆರಿಸಿ ಮತ್ತೆ ಶುರು ಮಾಡು ಅಂದ. ಮಾಡಿದೆ. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಲಿಲ್ಲ, ಅವನು ನೋಡುತ್ತಿದ್ದದ್ದು ಅದನ್ನೇ. ಮನೆಯ ಹತ್ತಿರ ಇಳಿದವನು ಬಾಗಿಲು ಹಾಕದೆ ನಿಂತು, "ಆ ಮೀಟ್ರು ಬಲ್ಬು ಎರಡೂ ತಕ್ಕೊಂಡು ತ್ವಾಟದ ಕಡೀಕೆ ಬಾ ಮಗ, ಪಂಪ್‌ಸೆಟ್ ಅರ್ತು ಒಂದ್ಸಲ ನೋಡವ" ಅಂದ. ಕತ್ತಲಾಗುವ ಮೊದಲು ಹೋಗೋಣ ಎಂದು ನಾನು ಖಾಕಿ ಚೀಲ ತರಲು ಆಲೆಮನೆಗೆ ಹೋದೆ.